ಚಿಮಣಿ ಗಡಿಯಾರ

ಅನಾಹುತಕ್ಕೆಲ್ಲ ಮೂಲ, ಹಳೆಯ ಸಾಮಾನಿನ ವ್ಯಾಪಾರಿ ಹೊಸ್ತಿಲ ಮೇಲೆ ನಿಂತು ಹೊರಡುವ ಮುಂಚೆ ಆಡಿದ ಒಂದು ಮಾತು. “ಈ ವಿಷಯ ಯಾರಿಗೂ ಹೇಳಬೇಡಿ” ಎಂದ ಅವನು. ಹಾಗೆನ್ನದೆ ಸುಮ್ಮನೆ ಹೋಗಿದ್ದರೆ, ಇದನ್ನು ಯಾರಿಗಾದರೂ ಹೇಳಬಹುದು ಎಂಬುದು ಗಳಿಗೆರಾಯರಿಗೆ ಹೊಳೆಯುತ್ತಲೇ ಇರಲಿಲ್ಲವೋ ಏನೋ.

ಗಳಿಗೆರಾಯ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರು ಗುಮಾಸ್ತರು. ಅಂಗಡಿಯವರು ತರುವ ತೂಕದ ಬಟ್ಟುಗಳು ಸರಿಯಾಗಿವೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಮನೆಯಲ್ಲಿ ಮಾತ್ರ ಗಾಜಿನ ಬೀರು ತುಂಬ ಹಳೆಯ ಗಡಿಯಾರಗಳು. ದಿನವೂ ಬೆಳಿಗ್ಗೆ ಒಂದೊಂದನ್ನೇ ಹೊರತೆಗೆದು, ಒರೆಸಿ, ಕೀಲಿ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಮತ್ತೆ ಅದರ ಜಾಗದಲ್ಲಿ ಮಲಗಿಸುವರು. ಅಷ್ಟೂ ಗಡಿಯಾರಗಳಿಗೆ ಸರಿಯಾದ ಹೊತ್ತು ಕಲಿಸುವ ಗಡಿಬಿಡಿಯಲ್ಲಿ ತಾವು ಮಾತ್ರ ದಿನವೂ ಹೊತ್ತು ಮೀರಿ ಕಚೇರಿಗೆ ಹೋಗುವರು.

ಆ ಬೀರುವಿನ ನಡುಗೂಡಿನಲ್ಲಿ ಹಸಿರು ಮಖಮಲ್ಲಿನ ಮೇಲೆ ಒಂದೇ ಒಂದು ಕೈಗಡಿಯಾರ ಒಂಟಿಯಾಗಿ ರಾಜ್ಯವಾಳುತ್ತಿತ್ತು. ಊರಾಚೆ ಈಗ ಪಾಳುಬಿದ್ದಿರುವ ಬಟ್ಟೆ ಮಿಲ್ಲು, ತನ್ನ ಒಳ್ಳೆಯ ಕಾಲದಲ್ಲಿ, ಬೆಳ್ಳಿಹಬ್ಬದ ನೆನಪಿಗೆಂದು ಮಾಡಿಸಿದ್ದ ಗಡಿಯಾರ ಅದು. ಮುಖದ ಮೇಲೆ ಮಿಲ್ಲಿನ ಚಿಮಣಿಯ ಚಿತ್ರ. ಸೆಕೆಂಡಿನ ಮುಳ್ಳಿಗೆ ಹೊಗೆಯ ಸುರುಳಿಯ ಆಕಾರ. ಮುಳ್ಳು ತಿರುಗಿದಂತೆಲ್ಲ ಚಿಮಣಿ ಹೊಗೆ ಬಿಟ್ಟಂತೆ ಕಾಣುವುದು. ರಾಯರು ಇದನ್ನು ದೂರದ ಊರಿನ ಗುಜರಿಯೊಂದರಲ್ಲಿ, ಮುರಿದ ಬೀಗಗಳ ಬುಟ್ಟಿಯೊಳಗಿಂದ ಹೆಕ್ಕಿದ್ದರು. ಮಿಲ್ಲಿನ ಮಾಲೀಕರು ತಮ್ಮ ಹತ್ತಿರದ ನೆಂಟರಿಗಷ್ಟೇ ಇದನ್ನು ಹಂಚಿದ್ದರೆಂದೂ ಇದು ಅಪರೂಪದಲ್ಲಿ ಅಪರೂಪವೆಂದೂ ಸಂಗ್ರಾಹಕರ ಮಾಸಪತ್ರಿಕೆಯೊಂದು ಬರೆದಿತ್ತು. ಅಚ್ಚಾದದ್ದನ್ನು ಅನುಮಾನಿಸುವ ಕೆಟ್ಟ ಅಭ್ಯಾಸ ರಾಯರಿಗೆ ಇರಲಿಲ್ಲ.

ವ್ಯಾಪಾರಿಗೂ ಇರಲಿಲ್ಲ. ಅದೇ ಪತ್ರಿಕೆಯಲ್ಲಿ ರಾಯರ ಗಡಿಯಾರದ ಫೋಟೋ ನೋಡಿ ಹುಡುಕಿಕೊಂಡು ಬಂದಿದ್ದ. ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡು ಬಹಳ ಹೊತ್ತು ನೋಡಿ, ಒಂದು ಬೆಲೆ ಹೇಳಿದ. ರಾಯರ ಅರ್ಧ ವರ್ಷದ ಸಂಬಳದಷ್ಟಿತ್ತು ಅದು.

“ಸ್ಟೇಷನ್ ಎದುರಿನ ಲಾಡ್ಜ್‌ನಲ್ಲಿ ಇಳ್ಕೊಂಡಿದೀನಿ. ನಾಳೆ ಸಂಜೆ ರೈಲಿಗೆ ಹೊರಡೋನು. ಅಷ್ಟರೊಳಗೆ ಯೋಚನೆ ಮಾಡಿ ಬನ್ನಿ. ಯಾರಿಗೂ ಹೇಳಬೇಡಿ.”

ಇದಿಷ್ಟು ನಡೆದದ್ದು ಹಿಂದಿನ ಸಂಜೆ. ಆ ರಾತ್ರಿ ರಾಯರು ನಿದ್ದೆ ಮಾಡಲಿಲ್ಲ. ಒಂದು ಮಗ್ಗುಲಿಗೆ ಹೊರಳಿದರೆ ಮಾರಬೇಕೆನ್ನಿಸುವುದು, ಇನ್ನೊಂದು ಮಗ್ಗುಲಿಗೆ ಹೊರಳಿದರೆ ಮಾರಬಾರದೆನ್ನಿಸುವುದು.

ಮಾರಬೇಕೆನ್ನಿಸುವುದಕ್ಕೆ ಕಾರಣ, ನಡುಮನೆಯಲ್ಲಿದ್ದ ಹೊಲಿಗೆ ಯಂತ್ರ. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರದ ಅರ್ಧ ಭಾರ ಹೊರುತ್ತಿದ್ದಳು. ಯಂತ್ರಕ್ಕೋ ಮುಪ್ಪು ಬಂದಿತ್ತು. ನಾಲ್ಕು ಹೊಲಿಗೆ ಹಾಕಿದರೆ ಒಂದನ್ನು ನುಂಗುತ್ತಿತ್ತು, ಸುಮ್ಮನೆ ಕೂತಿದ್ದರೂ ಎಣ್ಣೆ ಕಕ್ಕುತ್ತಿತ್ತು. ಈಗ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಅವಳನ್ನು ಹುಡುಕಿಕೊಂಡು ಬಂದಿತ್ತು. “ಮೋಟಾರಿನ ಯಂತ್ರ ಇದ್ರೆ ಮಾತ್ರ ಕೊಡ್ತೀನಿ. ನಾಳೆ ಸಂಜೆಯೊಳಗೆ ಹೇಳಬೇಕು, ಇಲ್ಲಾಂದ್ರೆ ಮೂಲೆ ಅಂಗಡಿ ಟೈಲರಿಗೆ ಕೊಟ್ಟುಬಿಡ್ತೀನಿ” ಎಂದು ಶಾಲೆಯ ದೊಡ್ಡ ಟೀಚರು ಖಡಾಖಂಡಿತ ಹೇಳಿದ್ದರು.

ಮಾರಬಾರದೆನ್ನಿಸುವುದಕ್ಕೆ ಕಾರಣವೇ ಇರಲಿಲ್ಲ. ಅದಕ್ಕೇ ಆ ಮಗ್ಗುಲು ಹೆಚ್ಚು ಗಟ್ಟಿಯಾಗಿತ್ತು.

“ಏನು ಮಾಡೋಣ ಹೇಳು” ಎಂದರು ರಾಯರು ಬೆಳಿಗ್ಗೆ, ಚಿಮಣಿ ಗಡಿಯಾರಕ್ಕೆ ಕೀಲಿ ಕೊಡುತ್ತ.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. “ನಿಮ್ಮ ವಸ್ತು, ನಿಮ್ಮ ಇಷ್ಟ.”

“ಹಾಗಂದ್ರೆ ಮಾರು ಅಂತಲೋ, ಬೇಡ ಅಂತಲೋ?”

“ಹಾಗಂದ್ರೆ ನಿಮ್ಮ ಇಷ್ಟ ಅಂತ.”

“ನೀನು ಬಾಯಿಬಿಟ್ಟು ಮಾರಿ ಅಂದ್ರೆ ಈಗಲೇ ಮಾರಿಬಿಡ್ತೀನಿ.”

“ಮಾರಿ ಅಂದ್ರೆ ಇನ್ನು ಸಾಯೋತನಕ ‘ನೀನೇ ಮಾರಿಸಿದ್ದು’ ಅಂತೀರಿ. ಬೇಡ ಅಂದ್ರೆ ‘ನಿನಗೋಸ್ಕರ ಮಾರೋಕೆ ಹೊರಟಿದ್ದೆ, ನೀನೇ ಬೇಡ ಅಂದೆ’ ಅಂತೀರಿ. ನನಗೆ ಎರಡೂ ಬೇಡ ಕಣ್ರೀ. ಹೊತ್ತಾಯ್ತು, ಹೊರಡಿ.”

ರಾಯರು ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ, ಎದೆಯ ಮೇಲಿನ ಜೇಬಿನಲ್ಲಿಟ್ಟು, ಜೇಬಿಗೆ ಪಿನ್ನು ಚುಚ್ಚಿ, ಅದೂ ಸಾಲದೆ ಅಂಗೈಯನ್ನು ಅದರ ಮೇಲೆ ಒತ್ತಿ ಹಿಡಿದು ಹೊರಟರು. ಸಂಜೆ ಕಚೇರಿಯಿಂದ ನೇರವಾಗಿ ಲಾಡ್ಜ್‌ಗೆ ಹೋಗಬೇಕಾಗಿ ಬಂದರೂ ಬರಬಹುದಲ್ಲ!

ಗೇಟು ದಾಟುತ್ತಿದ್ದಂತೆ ಎದುರು ಮನೆಯ ನಿವೃತ್ತ ಕಾಂಪೌಂಡರ್ ಕಣ್ಣಿಗೆ ಬಿದ್ದರು. ಔಷಧಿ ಕಲಸುವ ಕೆಲಸದಿಂದ ಸರ್ಕಾರ ಅವರನ್ನು ಬಿಡುಗಡೆ ಮಾಡಿದ್ದರೂ, ರೋಗ ಹುಡುಕುವ ಕೆಲಸದಿಂದ ಅವರು ಬೀದಿಯನ್ನು ಬಿಡುಗಡೆ ಮಾಡಿರಲಿಲ್ಲ.

“ರಾಯರೇ! ಏನ್ರೀ ಅದು ಎದೆ ಹಿಡ್ಕೊಂಡು ನಡೀತಿದೀರಿ? ನೋವಾ? ಎಡಗೈಗೆ ಇಳೀತಾ? ಬೆವರು ಬಂತಾ?” ಎಂದು ಆ ಬೀದಿಯಿಂದ ಮುಂದಿನ ಬೀದಿಗೆ ಕೇಳುವಂತೆ ಕೂಗಿದರು.

ಅದೇ ಹೊತ್ತಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಕಚೇರಿಯ ಜವಾನ ಅಷ್ಟನ್ನು ಮಾತ್ರ ಕೇಳಿಸಿಕೊಂಡು, “ಅಯ್ಯೋ ದೇವರೇ” ಎಂದು ಪೆಡಲು ತುಳಿದ.

“ನೋವೂ ಇಲ್ಲ, ಗೀವೂ ಇಲ್ಲ ಸ್ವಾಮಿ.”

“ಎಲ್ಲರೂ ಹಾಗೇ ಹೇಳೋದು. ನಮ್ಮ ಆಸ್ಪತ್ರೆಗೆ ಹಾಗೆ ಹೇಳಿಕೊಂಡೇ ಬಂದೋರು ಹೇಗೆ ಹೋದ್ರು ಅಂತ ನನಗೆ ಗೊತ್ತು. ನಾಲಿಗೆ ತೋರ್ಸಿ.”

ನಡುಬೀದಿಯಲ್ಲಿ ನಾಲಿಗೆ ತೋರಿಸುವುದಕ್ಕಿಂತ ಗಡಿಯಾರ ತೋರಿಸುವುದು ಮೇಲು ಎನ್ನಿಸಿತು ರಾಯರಿಗೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಯಾರಿಗೂ ಹೇಳಬೇಡಿ...” ಎಂದು ಶುರುಮಾಡಿ, ವ್ಯಾಪಾರಿ ಬಂದದ್ದು, ಲಾಡ್ಜು, ಹೇಳಿದ ಬೆಲೆ, ಎಲ್ಲವನ್ನೂ ಹೇಳಿ ಕರವಸ್ತ್ರ ಬಿಚ್ಚಿದರು. ಹೇಳುತ್ತ ಹೇಳುತ್ತ ಬೆಲೆ ಸ್ವಲ್ಪ ಬೆಳೆಯಿತು ಕೂಡ.

ಕಾಂಪೌಂಡರ್ ಗಡಿಯಾರ ನೋಡಿದರು. ಅವರ ಬಾಯಿ ತೆರೆಯಿತು; ಆದರೆ ಅದರಿಂದ ಮಾತು ಬರಲಿಲ್ಲ. ಆ ಬೀದಿಯ ಚರಿತ್ರೆಯಲ್ಲೇ ಇದು ಮೊದಲು.

“ಈ ಚಿಮಣೀದಕ್ಕೆ... ಅಷ್ಟು ಕೊಡ್ತಾನಾ?”

“ಪ್ರಪಂಚದಲ್ಲಿ ಇಂಥದ್ದು ಇನ್ನೊಂದು ಸಿಕ್ಕೋದು ಕಷ್ಟವಂತೆ.”

“ಮಾರಬೇಡಿ ರಾಯರೇ” ಎಂದರು ಕಾಂಪೌಂಡರ್ ಒಮ್ಮೆಲೇ, ರಾಯರ ಎರಡೂ ಕೈ ಹಿಡಿದುಕೊಂಡು. “ಎಂಥಾ ವಸ್ತು! ದುಡ್ಡು ಇವತ್ತು ಬರುತ್ತೆ, ನಾಳೆ ಹೋಗುತ್ತೆ. ಲಾಡ್ಜ್ ಕಡೆ ತಲೆ ಹಾಕಿ ಕೂಡ ಮಲಗಬೇಡಿ. ಎಷ್ಟನೇ ನಂಬರಿನ ರೂಮು ಅಂದ್ರಿ?”

ಹೇಳಿದ ಮೇಲೆ ಅವರು ಮನೆಯೊಳಗೆ ಹೋದ ವೇಗ ನೋಡಿ ರಾಯರಿಗೆ ಅವರ ಆರೋಗ್ಯದ ಬಗ್ಗೆಯೇ ಚಿಂತೆಯಾಯಿತು.

ಕಚೇರಿಯಲ್ಲಿ ಜವಾನನ ಸುದ್ದಿ ಮೊದಲೇ ಬಂದು ಕೂತಿತ್ತು. ರಾಯರು ಒಳಗೆ ಕಾಲಿಟ್ಟರೋ ಇಲ್ಲವೋ, ಟೈಪಿಸ್ಟಮ್ಮ ಕುರ್ಚಿ ತಂದಿಟ್ಟಳು. ಖಜಾಂಚಿ ಫ್ಯಾನು ಅವರತ್ತ ತಿರುಗಿಸಿದ. ಜವಾನ ನೀರು ತಂದು, ಕುಡಿಸಲು ತಲೆ ಹಿಡಿದುಕೊಂಡ.

“ಮಾತಾಡಬೇಡಿ, ಮಾತಾಡಬೇಡಿ” ಎಂದಳು ಟೈಪಿಸ್ಟಮ್ಮ. “ನಮ್ಮ ಮಾವನೋರೂ ಹೀಗೇ ಮಾತಾಡ್ತಾ ಮಾತಾಡ್ತಾನೇ...”

“ಅಯ್ಯೋ, ಏನೂ ಆಗಿಲ್ಲಮ್ಮ ನನಗೆ!”

ಖಜಾಂಚಿ ಅವರ ಕಿವಿಯ ಹತ್ತಿರ ಬಗ್ಗಿ ಮೃದುವಾಗಿ ಕೇಳಿದ: “ರಾಯರೇ, ತಪ್ಪು ತಿಳೀಬೇಡಿ. ಆ ಕಿಟಕಿ ಪಕ್ಕದ ಮೇಜು ನಿಮ್ಮ ನಂತರ ಯಾರಿಗೆ ಅಂತ ಸಾಹೇಬರು ಏನಾದ್ರೂ ಹೇಳಿದ್ರಾ?”

ಬದುಕಿರುವಾಗಲೇ ಮೇಜು ಹಂಚಿಹೋಗುವುದನ್ನು ನೋಡಿ ರಾಯರಿಗೆ ರೇಗಿತು. ಎದ್ದು ನಿಂತು, ಜೇಬಿನ ಪಿನ್ನು ಕಿತ್ತು, ಗಡಿಯಾರವನ್ನು ಎಲ್ಲರ ಕಣ್ಣೆದುರು ಎತ್ತಿ ಹಿಡಿದರು. “ಎದೆ ಮೇಲೆ ಕೈ ಇಟ್ಕೊಂಡಿದ್ದು ಇದಕ್ಕೆ! ನೋಡಿ! ಆದರೆ ಯಾರಿಗೂ ಹೇಳಬೇಡಿ.”

ಮತ್ತೆ ಮೊದಲಿಂದ ಕತೆ. ಈ ಸಲ ಬೆಲೆ ಇನ್ನಷ್ಟು ಬೆಳೆಯಿತು. ದೇವರು ಮನುಷ್ಯನಿಗೆ ಒಂದು ಒಳ್ಳೆಯ ಅವಕಾಶವನ್ನು ಗುಟ್ಟಾಗಿಯೇ ಕೊಡುತ್ತಾನೆ. ಅದಕ್ಕೆ ತಮಟೆ ಕಟ್ಟುವವನು ಮನುಷ್ಯನೇ.

ಕತೆಯ ಮೊದಲರ್ಧ ಕೇಳಿ, ಗಡಿಯಾರದ ಮುಖವನ್ನು ಇನ್ನೂ ಸರಿಯಾಗಿ ನೋಡದ ಟೈಪಿಸ್ಟಮ್ಮ, “ಮಾರಿಬಿಡಿ ಸಾರ್. ಪಾಪ, ಅಕ್ಕನಿಗೆ ಒಂದು ಹೊಸ ಯಂತ್ರ ಬರುತ್ತಲ್ಲ. ಹೆಂಗಸರ ಕಾಲುನೋವು ನಿಮಗೇನು ಗೊತ್ತು” ಎಂದಳು. ಆಮೇಲೆ ಗಡಿಯಾರ ಅವಳ ಕೈಗೆ ಬಂತು. ಚಿಮಣಿ ನೋಡಿದಳು. ಹೊಗೆಯ ಮುಳ್ಳು ನೋಡಿದಳು. ಅವಳ ಹುಬ್ಬು ಮೇಲೇರಿ ಅಲ್ಲೇ ನಿಂತಿತು.

“ಬೇಡ ಸಾರ್” ಎಂದಳು. “ಮಾರಲೇಬೇಡಿ. ಅಕ್ಕ ಹೇಗೋ ತುಳ್ಕೊಂಡು ಹೋಗ್ತಾರೆ.”

“ಈಗಷ್ಟೇ ಮಾರಿ ಅಂದ್ರಲ್ಲಮ್ಮ?”

“ಆಗ ನೋಡಿರಲಿಲ್ಲ ಸಾರ್. ಅಯ್ಯೋ, ಮರೆತೇಬಿಟ್ಟೆ! ನಮ್ಮತ್ತೆಗೆ ಬೆಳಿಗ್ಗೆಯಿಂದ ಜ್ವರ. ನಾನು ಹೊರಟೆ.”

ಅವಳು ಬಾಗಿಲು ದಾಟುವ ಮುಂಚೆಯೇ ಖಜಾಂಚಿಗೆ ಹೊಟ್ಟೆನೋವು ಬಂತು. ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಕಚೇರಿಯ ಬೀಗದ ಕೈ ಹಿಡಿದು, “ಮಾರಬಾರದು ರಾಯರೇ. ಈ ವರ್ಷ ಇಷ್ಟು, ಮುಂದಿನ ವರ್ಷ ಇದರ ಎರಡರಷ್ಟು. ಲೆಕ್ಕದ ಮನುಷ್ಯ ಹೇಳ್ತಿದೀನಿ, ಕೇಳಿ” ಎಂದು ಹೇಳುತ್ತಲೇ ಓಡಿದ. ಜವಾನನಿಗೆ ಏನೂ ಕಾಯಿಲೆ ಹೊಳೆಯಲಿಲ್ಲವೆಂದು ಕಾಣುತ್ತದೆ. ಅವನು ಹೇಳದೆಯೇ ಹೋದ.

ತಮ್ಮ ಗಡಿಯಾರ ಉಳಿಯಲೆಂದು ಜನಕ್ಕೆ ಎಷ್ಟು ಕಾಳಜಿ ಎಂದು ರಾಯರ ಕಣ್ಣು ತುಂಬಿ ಬಂತು.

ಖಾಲಿ ಕುರ್ಚಿಗಳನ್ನು ಕಂಡು ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು. ಅವರದ್ದು ದೊಡ್ಡ ಮೈ, ಅದಕ್ಕಿಂತ ದೊಡ್ಡ ದನಿ.

“ಏನ್ರೀ ಇದು? ಕಚೇರಿನೋ, ಬಸ್ಸು ಹೋದ ಮೇಲಿನ ನಿಲ್ದಾಣನೋ? ಎಲ್ಲಿ ಹೋದ್ರು ಎಲ್ಲರೂ?”

ರಾಯರು ತೊದಲುತ್ತ ಮೂರನೆಯ ಸಲ ಕತೆ ಹೇಳಿದರು. ಸಾಹೇಬರು ಗಡಿಯಾರ ಕೈಗೆ ತೆಗೆದುಕೊಂಡು, ಇಲಾಖೆಯ ಅಭ್ಯಾಸದಂತೆ ಮೊದಲು ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯಲ್ಲಿಟ್ಟು ತೂಗಿದರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದರು.

“ಗಳಿಗೆರಾಯರೇ” ಎಂದರು ಕೊನೆಗೆ, ಸಭೆಯಲ್ಲಿ ಮಾತಾಡುವ ದನಿಯಲ್ಲಿ, “ಇದು ನಿಮ್ಮದು ಅಂತ ತಿಳ್ಕೊಂಡಿದೀರಾ? ತಪ್ಪು. ಇದು ಈ ಊರಿನ ಬೆವರು. ಈ ಊರಿನ ಉಸಿರು. ಇದನ್ನ ಒಬ್ಬ ಪರಸ್ಥಳದ ವ್ಯಾಪಾರಿಗೆ ಮಾರೋದು ಅಂದ್ರೆ... ಛೆ, ಛೆ! ನನ್ನ ಕೈಕೆಳಗೆ ಕೆಲಸ ಮಾಡೋರು ಇಂಥಾ ಕೆಲಸ ಮಾಡಿದ್ರು ಅಂತ ನಾಳೆ ನಾನು ಕೇಳಬಾರದು.”

“ಹೆಂಡತಿಗೆ ಹೊಲಿಗೆ ಯಂತ್ರ ಸಾರ್...”

“ಯಂತ್ರ ಯಾವಾಗ ಬೇಕಾದ್ರೂ ಬರುತ್ತೆ ಕಣ್ರೀ. ಚರಿತ್ರೆ ಬರುತ್ತಾ? ಮಾರಲ್ಲ ಅಂತ ಮಾತು ಕೊಡಿ.”

ರಾಯರು ಮಾತು ಕೊಟ್ಟರು. ಸಾಹೇಬರು ಮೇಜಿನ ಮೇಲಿನ ಟೋಪಿ ಎತ್ತಿಕೊಂಡರು. “ನನಗೆ ಮೇಲಿನ ಕಚೇರಿಯಲ್ಲಿ ತುರ್ತು ಸಭೆ. ನೀವು ಕಚೇರಿ ಮುಚ್ಚೋತನಕ ಇಲ್ಲಿಂದ ಕದಲಕೂಡದು. ಆಮೇಲೂ ನೇರ ಮನೆಗೆ ಹೋಗಿ. ಸ್ಟೇಷನ್ ರಸ್ತೆ ಹಿಡೀಬೇಡಿ. ಅಲ್ಲಿ ಧೂಳು ಜಾಸ್ತಿ.”

ಮಧ್ಯಾಹ್ನವೆಲ್ಲ ರಾಯರು ಒಬ್ಬರೇ ಕೂತರು. ಸುತ್ತ ಹಿತ್ತಾಳೆಯ ಬಟ್ಟುಗಳು, ಅಳತೆಯ ಗಜಗಳು, ಮಿಸುಕದೆ ನಿಂತ ತಕ್ಕಡಿಗಳು. ಗಡಿಯಾರವನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕೂತರು. ಹೊಗೆಯ ಮುಳ್ಳು ಸುತ್ತುತ್ತಿತ್ತು. ಊರಿನವರೆಲ್ಲ ಒಂದೇ ಬಾಯಲ್ಲಿ ಬೇಡವೆಂದಿದ್ದರು. ಇಷ್ಟು ಮಂದಿ ತಿಳಿದವರು ಒಂದೇ ಮಾತು ಹೇಳಿದ ಮೇಲೆ ಮನಸ್ಸಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಅವರಿಗೆ ಹೆಂಡತಿಯ ಬಲಗಾಲು ನೆನಪಾಯಿತು. ಯಂತ್ರ ತುಳಿದು ತುಳಿದು ಆ ಕಾಲಿನ ಪಾದ ಊದಿಕೊಂಡು, ಈಗ ಒಂದೇ ಜೊತೆ ಚಪ್ಪಲಿಯಲ್ಲಿ ಒಂದು ಸರಿಹೊಂದಿದರೆ ಇನ್ನೊಂದು ಬಿಗಿಯಾಗುತ್ತಿತ್ತು. ಅವಳು ಅದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಎಡಗಡೆಯ ಚಪ್ಪಲಿಯೊಳಗೆ ಬಟ್ಟೆಯ ಚೂರೊಂದನ್ನು ಮಡಿಸಿಟ್ಟು, ಒಂದು ಅಳತೆ ದೊಡ್ಡ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಳು. ಊರಿನ ಎಲ್ಲ ಅಳತೆಗೂ ಮುದ್ರೆ ಒತ್ತುವ ಮನುಷ್ಯನಿಗೆ ಈ ಅಳತೆ ಕಂಡಿರಲಿಲ್ಲವೇ? ಕಂಡಿತ್ತು. ಕಂಡೂ ಗಡಿಯಾರ ಒರೆಸುತ್ತ ಕೂತಿದ್ದರು.

“ಭಗವಂತಾ, ನನ್ನ ಆಸೆಯನ್ನ ನೀನೇ ನೋಡ್ಕೋ” ಎಂದು ರಾಯರು ಕೈಮುಗಿದರು. ಗಡಿಯಾರ ಜೇಬಿಗಿಳಿಸಿ ಎದ್ದರು. ಮಾರುವುದು ಎಂದು ತೀರ್ಮಾನವಾಯಿತು. ಅವರ ಜೀವನದಲ್ಲೇ ಇಷ್ಟು ಗಟ್ಟಿಯಾದ ತೀರ್ಮಾನ ಇನ್ನೊಂದಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ದಿನಸಿ ಅಂಗಡಿಯವನೊಬ್ಬ ಮೂಟೆ ತುಂಬ ಬಟ್ಟುಗಳನ್ನು ತಂದು ದಡಾರನೆ ಮೇಜಿನ ಮೇಲೆ ಸುರಿದ.

“ನಾಳೆ ಬಾರಪ್ಪ.”

“ನಿನ್ನೇನೂ ನಾಳೆ ಬಾ ಅಂದ್ರಿ ಸ್ವಾಮಿ. ಇವತ್ತು ಮುದ್ರೆ ಬೀಳದಿದ್ರೆ ನಾನು ಇಲ್ಲೇ ಮಲಗೋನು.”

ರಾಯರು ತೂಗದೆ, ನೋಡದೆ, ಸಿಕ್ಕಿದ್ದಕ್ಕೆಲ್ಲ ಟಪಟಪನೆ ಮುದ್ರೆ ಒತ್ತಿದರು. ಆತುರದಲ್ಲಿ ಅಂಗಡಿಯವನ ಊಟದ ಡಬ್ಬಿಯ ಮೇಲೂ ಒಂದು ಬಿತ್ತು. “ಇನ್ನು ನಮ್ಮ ಮನೆಯೋಳು ಅಳತೆ ಕಮ್ಮಿ ಹಾಕೋ ಹಾಗಿಲ್ಲ” ಎಂದು ಅವನು ಸಂತೋಷದಿಂದ ಹೋದ. ಬಾಗಿಲಿಗೆ ಬೀಗ ಹಾಕೋಣವೆಂದರೆ ಬೀಗದ ಕೈ ಖಜಾಂಚಿಯ ಹೊಟ್ಟೆನೋವಿನ ಜೊತೆ ಹೋಗಿತ್ತು. ಕಚೇರಿಯನ್ನು ದೇವರ ಮೇಲೆ ಬಿಟ್ಟು ರಾಯರು ಸ್ಟೇಷನ್ ರಸ್ತೆಯಲ್ಲಿ ಓಡಿದರು. ರಸ್ತೆಯಲ್ಲಿ ಧೂಳೇನೂ ಇರಲಿಲ್ಲ. ಜನ ಇದ್ದರು.

ಲಾಡ್ಜಿನ ಬಾಗಿಲಿನಿಂದ ಹೊರಬಿದ್ದ ಜನರ ಸಾಲೊಂದು ಬೀಡಾ ಅಂಗಡಿಯನ್ನು ಬಳಸಿ ತಿರುವಿನವರೆಗೂ ಬಂದಿತ್ತು. ಯಾರೋ ದೊಡ್ಡವರು ಹೋಗಿಬಿಟ್ಟರೇನೋ ಎಂದುಕೊಂಡರು ರಾಯರು. ಜನರನ್ನು ಸೀಳಿಕೊಂಡು ಒಳಗೆ ನುಗ್ಗಿದರು.

ಲಾಡ್ಜಿನ ಮ್ಯಾನೇಜರು ಕೈ ಅಡ್ಡ ಹಿಡಿದ. “ನಿಮ್ಮದೂ ಚಿಮಣಿನಾ? ಸಾಲಿನ ಕೊನೆಗೆ ಹೋಗಿ.”

ರಾಯರು ಸಾಲನ್ನು ನೋಡಿದರು. ಕರವಸ್ತ್ರ, ಹರಕು ಸೆರಗು, ಪೌಡರ್ ಡಬ್ಬಿ, ಮಗುವಿನ ಕಾಲುಚೀಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೊಟ್ಟಣ. ಬಿಚ್ಚಿದ ಪೊಟ್ಟಣಗಳಿಂದೆಲ್ಲ ಚಿಮಣಿಗಳು ಇಣುಕುತ್ತಿದ್ದವು. ಮೆಟ್ಟಿಲ ಮೇಲೆ, ಮನೆಯೆಲ್ಲ ಜಾಲಾಡಿ ತಡವಾಗಿ ಬಂದ ಕಾಂಪೌಂಡರ್ ಇದ್ದರು. ಅವರ ಹಿಂದೆ ಹೊಟ್ಟೆನೋವು ವಾಸಿಯಾದ ಖಜಾಂಚಿ, ಅವನ ಹಿಂದೆ ಜವಾನ. ಟೈಪಿಸ್ಟಮ್ಮ ಜ್ವರದ ಅತ್ತೆಯನ್ನೇ ಕರೆತಂದಿದ್ದಳು; ಮುದುಕಿ ಮೊಣಕೈಯಲ್ಲಿ ಜನರನ್ನು ತಿವಿಯುತ್ತ ಗಟ್ಟಿಮುಟ್ಟಾಗಿ ಮುಂದೆ ಮುಂದೆ ಹೋಗುತ್ತಿದ್ದಳು.

“ಅಮ್ಮಾ, ಇದು... ಇದು ಎಲ್ಲರ ಹತ್ರ ಹೇಗೆ?” ಎಂದರು ರಾಯರು, ಗೋಡೆ ಹಿಡಿದುಕೊಂಡು.

“ಯಾಕಪ್ಪಾ, ಮಿಲ್ಲಲ್ಲಿ ದುಡಿದೋರಿಗೆಲ್ಲ ಕೊಟ್ಟಿದ್ರಲ್ಲ” ಎಂದಳು ಮುದುಕಿ. “ನಾನೂ ನೂಲಿನ ಕಡೆ ಇದ್ದೋಳೇ. ಹಬ್ಬದ ದಿನ ಗಡಿಯಾರ ಹಂಚಿದ್ರು, ನಾವೂ ಹಿಗ್ಗಿದ್ವಿ. ಮಾರನೇ ದಿನ ಸೈರನ್ ನಿಲ್ಲಿಸಿಬಿಟ್ರು. ‘ಈಗ ಎಲ್ಲರ ಕೈಲೂ ಗಡಿಯಾರ ಇದೆ, ಇನ್ನು ಕೂಗೋದ್ಯಾಕೆ? ತಡವಾಗಿ ಬಂದೋರಿಗೆ ಅರ್ಧ ದಿನದ ಕೂಲಿ ಇಲ್ಲ’ ಅಂದ್ರು. ಹಾಳಾಗಿ ಹೋಗ್ಲಿ ಅಂತ ಒಬ್ಬರಾದ್ರೂ ಕೈಗೆ ಕಟ್ಟಲಿಲ್ಲ. ಟ್ರಂಕಿನ ತಳಕ್ಕೆ ಎಸೆದ್ವಿ. ಎಸೆದೋರು ಎಷ್ಟೋ ಜನ ಈಗಿಲ್ಲ. ಪಾಪ, ಇದಕ್ಕೆ ಇಷ್ಟು ಬೆಲೆ ಬರುತ್ತೆ ಅಂತ ಗೊತ್ತಿಲ್ಲದೆ ಹೋದ್ರು. ಯಾರೋ ಪುಣ್ಯಾತ್ಮ ಇವತ್ತು ಊರಿಗೆಲ್ಲ ಹೇಳಿದನಂತೆ. ದೇವರು ಅವನನ್ನ ಚೆನ್ನಾಗಿಟ್ಟಿರಲಿ.”

ಆ ಪುಣ್ಯಾತ್ಮರು ಗೋಡೆಗೆ ಇನ್ನಷ್ಟು ಒರಗಿಕೊಂಡರು. ಯಾರೂ ಕೈಗೆ ಕಟ್ಟಲಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ, ಆದ್ದರಿಂದ ಅಪರೂಪ! ಮಾಸಪತ್ರಿಕೆಯ ಪಂಡಿತರು ಪೇಟೆಯಲ್ಲಿ ಹುಡುಕಿದ್ದರೇ ಹೊರತು ಟ್ರಂಕುಗಳಲ್ಲಿ ಹುಡುಕಿರಲಿಲ್ಲ.

ಮೇಲಿನಿಂದ ದೊಡ್ಡ ದನಿಯೊಂದು ಕೇಳಿಸಿತು. “ನಾನು ಸರ್ಕಾರಿ ಅಧಿಕಾರಿ ಕಣ್ರೀ! ನನ್ನದನ್ನ ಮೊದಲು ನೋಡಬೇಕು! ನಮ್ಮ ತಂದೆ ಆ ಮಿಲ್ಲಿನ ಹಾಜರಿ ಹಾಕೋರು!” ತುರ್ತು ಸಭೆ ಅಲ್ಲಿಯೇ ನಡೆದಿತ್ತು.

ಅಷ್ಟರಲ್ಲಿ ವ್ಯಾಪಾರಿ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತುಕೊಂಡು ಮೆಟ್ಟಿಲಿಳಿದು ಬಂದ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಕೂದಲು ಬೆದರಿದ ಬೆಕ್ಕಿನ ಬಾಲದಂತೆ ನಿಂತಿತ್ತು. ರಾಯರನ್ನು ಕಂಡವನೇ ಅಲ್ಲೇ ನಿಂತ.

“ಯಾರಿಗೂ ಹೇಳಬೇಡಿ ಅಂದಿದ್ದೆ ನಾನು!”

“ನಾನು... ಎಲ್ಲರಿಗೂ ಯಾರಿಗೂ ಹೇಳಬೇಡಿ ಅಂತಲೇ ಹೇಳಿದ್ದು.”

“ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ! ಅಪರೂಪದ ವಸ್ತು ಅಂತ ಬೆಳಿಗ್ಗೆ ಒಂದಕ್ಕೆ ಪೂರ್ತಿ ಬೆಲೆ ಕೊಟ್ಟು ಕೂತಿದೀನಿ. ಈಗ ನೋಡಿದ್ರೆ ಊರಲ್ಲಿ ಮನೆಗಿಂತ ಚಿಮಣಿ ಜಾಸ್ತಿ!”

ರಾಯರು ನಾಚಿಕೆ ನುಂಗಿಕೊಂಡು ಕರವಸ್ತ್ರ ಬಿಚ್ಚಿದರು. “ಇದಕ್ಕೆ ಈಗ ಏನು ಕೊಡ್ತೀರಿ?”

“ತೂಕದ ಇಲಾಖೆಯೋರಲ್ವಾ ನೀವು? ತೂಗಿ ನೋಡಿ. ಹಳೇ ಕಬ್ಬಿಣಕ್ಕೆ ಗುಜರಿಯಲ್ಲಿ ಏನು ಕೊಡ್ತಾರೋ ಅದು.”

ರೈಲು ಕೂಗಿತು. ವ್ಯಾಪಾರಿ ಓಡಿದ. ಸಾಲು ಸಾಲಾಗಿಯೇ ಅವನ ಹಿಂದೆ ಪ್ಲಾಟ್‌ಫಾರಂವರೆಗೂ ಓಡಿತು.

ರಾಯರು ಮನೆಯ ಕಡೆ ಹೆಜ್ಜೆ ಹಾಕಿದರು. ಶಾಲೆಯ ಕೆಲಸ ಈ ಹೊತ್ತಿಗೆ ಟೈಲರಿನ ಪಾಲಾಗಿರಬೇಕು. ಹೆಂಡತಿಗೆ ಹೇಗೆ ಮುಖ ತೋರಿಸುವುದು? “ಮಾರೋಣ ಅಂತಲೇ ಹೋಗಿದ್ದೆ” ಎಂದರೆ ನಂಬುವಳೇ? ದಾರಿಯುದ್ದಕ್ಕೂ ಆ ಮಾತನ್ನೇ ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡರು. ಯಾವ ದನಿಯಲ್ಲಿ ಹೇಳಿದರೂ ಅದು ಸುಳ್ಳಿನಂತೆಯೇ ಕೇಳಿಸಿತು.

ನಡುಮನೆಯಲ್ಲಿ ಹೊಸ ಯಂತ್ರ ಗುಂಯ್‌ಗುಡುತ್ತಿತ್ತು. ಪಕ್ಕದಲ್ಲಿ ನೀಲಿ ಬಟ್ಟೆಯ ಥಾನುಗಳನ್ನು ಗೋಡೆಯೆತ್ತರಕ್ಕೆ ಪೇರಿಸಿತ್ತು. ಹೆಂಡತಿ ಎರಡೂ ಕಾಲು ಮಡಿಸಿ ಕುರ್ಚಿಯ ಮೇಲೆ ಕೂತು, ಮಹಾರಾಣಿಯ ಹಾಗೆ, ಒಂದು ಕಾಲರು ಹೊಲಿಯುತ್ತಿದ್ದಳು.

“ಬಂದ್ರಾ? ಇದು ಗುಂಡಿ ಒತ್ತಿದ್ರೆ ಸಾಕು ಕಣ್ರೀ, ತಾನೇ ಓಡುತ್ತೆ.”

“ಇದು... ಎಲ್ಲಿಂದ?”

“ನಮ್ಮಪ್ಪಂದು ಇತ್ತಲ್ಲ, ಚಿಮಣಿ ಗಡಿಯಾರ. ನೀವು ಅತ್ತ ಹೋದ ಮೇಲೆ ಟ್ರಂಕಿನಿಂದ ತೆಗೆದೆ. ಅವರು ಹೋದ ಮೇಲೆ ಅದನ್ನ ಮುಟ್ಟಿರಲಿಲ್ಲ. ಒರೆಸಿ ಒಂದು ಸಲ ಕೀಲಿ ಕೊಟ್ಟೆ. ನಡೀತು. ಸ್ವಲ್ಪ ಹೊತ್ತು ಕೇಳಿಸಿಕೊಂಡೆ. ಆಮೇಲೆ ತಗೊಂಡು ಹೋಗಿ ಕೊಟ್ಟುಬಿಟ್ಟೆ. ಮರುಮಾತಾಡದೆ ಪೂರ್ತಿ ದುಡ್ಡು ಎಣಿಸಿದ.”

ರಾಯರು ನೆಲದ ಮೇಲೆ ಕೂತರು. “ನಿಮ್ಮಪ್ಪನ ಹತ್ರ ಇತ್ತು ಅಂತ ನನಗೆ ಯಾಕೆ ಹೇಳಲಿಲ್ಲ?”

“ಮದುವೆಯಾದ ಹೊಸದರಲ್ಲಿ ಹೇಳಿದ್ದೆ. ‘ನೂಲು ಸುತ್ತೋರಿಗೆ ಅಂಥದ್ದು ಯಾಕೆ ಕೊಡ್ತಾರೆ, ಅದು ಬೇರೆ ಇರಬೇಕು’ ಅಂದ್ರಿ. ಆಮೇಲೆ ನಾನು ಆ ಮಾತು ಎತ್ತಲಿಲ್ಲ.”

“ಬೆಳಿಗ್ಗೆಯಾದ್ರೂ ಹೇಳಬಹುದಿತ್ತಲ್ಲ!”

“ಯಾರಿಗೂ ಹೇಳಬೇಡಿ ಅಂತ ಆ ಮನುಷ್ಯ ಹೇಳಿದ್ದು ಒಳಗಿಂದ ಕೇಳಿಸಿತ್ತು. ಅದಕ್ಕೇ ಹೇಳಲಿಲ್ಲ” ಎಂದು ದಾರ ಕಚ್ಚಿದಳು. “ಯಾಕೆ ಹಾಗೆ ಬೆವತಿದೀರಿ? ನಿಮ್ಮದನ್ನ ಮಾರೋದು ತಪ್ಪಿತಲ್ಲ, ಹೋಗಿ, ಬೀರುವಿನಲ್ಲಿ ಇಡಿ. ಸಂತೋಷವಾಗಿರಿ.”

ಸಂತೋಷವಾಗಿರಲು ರಾಯರು ಇನ್ನೇನು ಪ್ರಯತ್ನ ಪಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಬೆಳಕು ಮರೆಯಾಯಿತು. ಸಾಹೇಬರು ನಿಂತಿದ್ದರು. ಅವರ ಅಂಗೈಯಲ್ಲಿ ಒಂದು ಚಿಮಣಿ ಗಡಿಯಾರ.

“ಗಳಿಗೆರಾಯರೇ, ಕಚೇರಿ ಬಾಗಿಲು ಹಾರು ಹೊಡೆದು ಬಿಟ್ಟು ಹೋಗಿದ್ದೀರಿ. ಒಂದು ತಕ್ಕಡಿ ಕಾಣಿಸ್ತಿಲ್ಲ. ನಾನು ಇದನ್ನ ಮೇಲಿನೋರಿಗೆ ತಿಳಿಸಲೇಬೇಕಾಗುತ್ತೆ.”

“ಸಾರ್, ತಪ್ಪಾಯ್ತು ಸಾರ್...”

“ತಿಳಿಸಬಹುದು, ತಿಳಿಸದೆಯೂ ಇರಬಹುದು” ಎಂದು ಸಾಹೇಬರು ಕುರ್ಚಿ ಎಳೆದುಕೊಂಡರು. ದನಿ ಜೇನಾಯಿತು. “ಇದು ನಮ್ಮ ತಂದೆಯ ನೆನಪು. ಸಿಕ್ಕಸಿಕ್ಕವರಿಗೆ ಕೊಡೋಕೆ ಮನಸ್ಸು ಒಪ್ಪಲ್ಲ. ವಸ್ತುವಿನ ಬೆಲೆ ತಿಳಿದೋರ ಮನೆಯಲ್ಲಿರಬೇಕು ಅನ್ನೋದು ನನ್ನ ಆಸೆ. ನೀವೇ ಬೆಳಿಗ್ಗೆ ಹೇಳಿದ ಬೆಲೆ ನನಗೆ ಚೆನ್ನಾಗಿ ನೆನಪಿದೆ. ಹೆಚ್ಚೇನೂ ಬೇಡ, ಅದರಲ್ಲಿ ಅರ್ಧ ಕೊಡಿ. ಅದೂ ಒಂದೇ ಸಲ ಅಲ್ಲ. ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಂಡರಾಯ್ತು.”

ರಾಯರು ಹೆಂಡತಿಯ ಕಡೆ ನೋಡಿದರು. ಅವಳು ಯಂತ್ರದ ಗುಂಡಿ ಒತ್ತಿದಳು. ಯಂತ್ರ ತಾನೇ ಓಡಿತು. ತಲೆಯೆತ್ತದೆ ಹೇಳಿದಳು: “ನಿಮ್ಮ ವಸ್ತು, ನಿಮ್ಮ ಇಷ್ಟ.”

ರಾಯರು ಕೈ ನೀಡಿದರು. ಸಾಹೇಬರು ಅವರ ಬೆನ್ನು ತಟ್ಟಿ, ಚರಿತ್ರೆಯನ್ನು ಉಳಿಸಿದ್ದಕ್ಕಾಗಿ ಅಭಿನಂದಿಸಿ ಎದ್ದರು. ಅವರ ದೊಡ್ಡ ಮೈ ಬಾಗಿಲಿನಿಂದ ಸರಿದಾಗ ಹಿಂದೆ ಜಗಲಿಯ ಮೇಲೆ ಕೂತಿದ್ದವರು ಕಾಣಿಸಿದರು. ಕಾಂಪೌಂಡರ್, ಜವಾನ, ಟೈಪಿಸ್ಟಮ್ಮ, ಅವಳ ಅತ್ತೆ. ಎಲ್ಲರ ಮಡಿಲಲ್ಲೂ ಪೊಟ್ಟಣಗಳು. ಎಲ್ಲರಿಗಿಂತ ಮುಂದೆ, ಪ್ರತಿ ತಿಂಗಳು ಸಂಬಳ ಎಣಿಸಿ ಕೊಡುವ ಖಜಾಂಚಿ.

“ಗಾಬರಿಯಾಗಬೇಡಿ ರಾಯರೇ, ನನಗೇನೂ ಅವಸರವಿಲ್ಲ” ಎಂದ ಅವನು, ಪೊಟ್ಟಣ ಬಿಚ್ಚುತ್ತ. “ಸಾಹೇಬರ ಕಂತು ತೀರಲಿ. ಆಮೇಲೆ ನನ್ನದು ಹಿಡ್ಕೊಳ್ತೀನಿ.”